ಹಳ್ಳ ತನ್ನ ಜಾಗ ಮರೆಯುವುದಿಲ್ಲ



ನಾವು ಲೇಖಕರಲ್ಲ. ನಲವತ್ತು ವರ್ಷಗಳಿಂದ ವಯನಾಡಿನಲ್ಲಿ ಕಾಫಿ, ಕಾಳುಮೆಣಸು, ಶುಂಠಿಯ ವ್ಯಾಪಾರ ಮಾಡಿಕೊಂಡು ಬಂದವರು. ಹತ್ತನೆಯ ತರಗತಿಯವರೆಗೆ ಓದಿದ್ದು ಮಲೆಯಾಳದಲ್ಲಿ. ಕನ್ನಡ ಮನೆಯ ಮಾತು, ಅದರ ಅಕ್ಷರ ತಾಯಿ ಕಲಿಸಿದ್ದು. ಹೀಗಿದ್ದೂ ಈ ಲೇಖನಕ್ಕೆ ಕೈಹಾಕಲು ಎರಡು ಕಾರಣಗಳಿವೆ.

ಒಂದು, 2024ರ ಜುಲೈ 30ರ ನಸುಕಿಗೆ ಮುನ್ನ ನಮ್ಮ ಜಿಲ್ಲೆಯ ಮುಂಡಕ್ಕೈ, ಚೂರಲ್‌ಮಲ ಊರುಗಳ ಮೇಲೆ ಗುಡ್ಡ ಇಳಿದು ಬಂತು. ಆಗ ಸೊಲ್ಲಾಪುರ, ಹೊಸೂರು, ಕಾಸರಗೋಡಿನ ನೆಂಟರಿಷ್ಟರು ಫೋನು ಮಾಡಿ ಕೇಳಿದ್ದು ಒಂದೇ ಪ್ರಶ್ನೆ: “ಅಷ್ಟು ದೊಡ್ಡ ಗುಡ್ಡ ಒಂದೇ ರಾತ್ರಿಯಲ್ಲಿ ಹೇಗೆ ಕರಗಿತು?” ಎರಡನೆಯದು, ಆ ಪ್ರಶ್ನೆಯ ಉತ್ತರ ನಮ್ಮದೇ ಒಂದು ತುಂಡು ಜಾಗದಲ್ಲಿ ಏಳು ವರ್ಷ ಮೊದಲೇ ನಮ್ಮ ಕಣ್ಣಿಗೆ ಬಿದ್ದಿತ್ತು. ಕಂಡೂ ಕಾಣದವರಂತೆ ನಡೆದುಕೊಂಡೆವು. ಗುಡ್ಡದ ವಿಚಾರ ಹೇಳುವಾಗ ಆ ತಪ್ಪನ್ನೂ ಹೇಳದಿದ್ದರೆ ಲೆಕ್ಕ ಪೂರ್ತಿಯಾಗುವುದಿಲ್ಲ.

ಮೇಜಿನ ಅಂಚಿನ ನಾಡು

ವಯನಾಡನ್ನು ನೋಡದವರಿಗೆ ಮೊದಲು ಅದರ ಆಕಾರ ತಿಳಿಸಬೇಕು. ಕೋಳಿಕ್ಕೋಡಿನಿಂದ ಬರುವ ಬಸ್ಸು ಅಡಿವಾರದಲ್ಲಿ ಘಾಟಿ ಹತ್ತಲು ಶುರುಮಾಡಿ, ಒಂಬತ್ತು ಹೇರ್‌ಪಿನ್ ತಿರುವು ಕಳೆದು ಲಕ್ಕಿಡಿಗೆ ಬರುತ್ತದೆ. ಹತ್ತಿದ ಮೇಲೆ ಆಚೆ ಬದಿಗೆ ಇಳಿಯಬೇಕಲ್ಲ ಎಂದು ಹೊಸಬರು ಕಾಯುತ್ತಾರೆ. ಆದರೆ ಅಂಥ ಇಳಿತ ಬರುವುದೇ ಇಲ್ಲ. ಕಲ್ಪೆಟ್ಟ, ಸುಲ್ತಾನ್ ಬತ್ತೇರಿ, ಗುಂಡ್ಲುಪೇಟೆ ದಾಟಿ ಮೈಸೂರಿನವರೆಗೂ ಸಣ್ಣಪುಟ್ಟ ಏರಿಳಿತ ಅಷ್ಟೇ. ಕಲ್ಪೆಟ್ಟವೂ ಮೈಸೂರೂ ಸಮುದ್ರಮಟ್ಟದಿಂದ ಹೆಚ್ಚುಕಡಿಮೆ ಒಂದೇ ಎತ್ತರದಲ್ಲಿವೆ, 2,500 ಅಡಿಯ ಆಸುಪಾಸು.

ಇದಕ್ಕೆ ಕಾರಣ ಬಹಳ ಹಳೆಯದು. ಪಶ್ಚಿಮ ಘಟ್ಟ ಹಿಮಾಲಯದಂತೆ ನೆಲ ಮಡಿಚಿ ಎದ್ದ ಪರ್ವತವಲ್ಲ. ದಕ್ಷಿಣದ ಪ್ರಸ್ಥಭೂಮಿಯನ್ನು ಒಂದು ದೊಡ್ಡ ಮೇಜೆಂದುಕೊಂಡರೆ ಅದರ ಪಡುವಣ ಅಂಚೇ ಈ ಘಟ್ಟ. ಸುಮಾರು ಒಂಬತ್ತು ಕೋಟಿ ವರ್ಷಗಳ ಹಿಂದೆ ಮಡಗಾಸ್ಕರ್ ನಮ್ಮ ನೆಲದಿಂದ ಸೀಳಿ ದೂರ ಹೋಯಿತು. ಸೀಳಿದ ಕಡೆಯ ಅಂಚು ಎತ್ತರವಾಗಿ ಉಳಿಯಿತು. ಅಂದಿನಿಂದ ಇಂದಿನವರೆಗೆ ಕಡಲ ಕಡೆಯ ಮಳೆಯೂ ಹೊಳೆಗಳೂ ಆ ಅಂಚನ್ನು ಕಡಿಯುತ್ತ ಅದನ್ನು ಪೂರ್ವಕ್ಕೆ ಸರಿಸುತ್ತ ಬಂದಿವೆ. ಆ ಕೆಲಸ ಈಗಲೂ ನಿಂತಿಲ್ಲ.

ನಮ್ಮ ಜಿಲ್ಲೆಯ ಹೊಳೆಗಳನ್ನು ನೋಡಿದರೆ ಇದು ಚೆನ್ನಾಗಿ ತಿಳಿಯುತ್ತದೆ. ಹೆಚ್ಚಿನ ನೀರು ಕಬಿನಿಯದು. ಪನಮರಂ ಹೊಳೆಯೂ ಮಾನಂದವಾಡಿ ಹೊಳೆಯೂ ಕೂಡಿ ಕಬಿನಿಯಾಗುತ್ತದೆ. ಅದು ಮೂಡಣಕ್ಕೆ ಹರಿದು, ಕುರುವಾ ದ್ವೀಪಗಳನ್ನು ಸುತ್ತಿ ಬಳಸಿ, ಹೆಗ್ಗಡದೇವನಕೋಟೆಯ ಬೀಚನಹಳ್ಳಿ ಅಣೆಕಟ್ಟೆ ಸೇರುತ್ತದೆ. ಮುಂದೆ ತಿರುಮಕೂಡಲು ನರಸೀಪುರದಲ್ಲಿ ಕಾವೇರಿಗೆ ಕೂಡುತ್ತದೆ. ಆ ಅಣೆಕಟ್ಟೆಯ ಪೂರ್ಣಮಟ್ಟ 2,284 ಅಡಿ. ಅಂದರೆ ಕಲ್ಪೆಟ್ಟದ ಸೂರಿನಿಂದ ತೊಟ್ಟಿಕ್ಕಿದ ನೀರು ಕರ್ನಾಟಕದೊಳಗೆ ಅಷ್ಟು ದೂರ ಹೋದರೂ ಇಳಿದದ್ದು ಕೆಲವು ನೂರು ಅಡಿ ಮಾತ್ರ. ಅದಕ್ಕೆ ಅವಸರವಿಲ್ಲ. ಹೊತ್ತ ಮಣ್ಣನ್ನು ಅಲ್ಲಲ್ಲಿ ಇಳಿಸುತ್ತ ಹೋಗುತ್ತದೆ. ಗುಡ್ಡಗಳ ನಡುವೆ ನಮ್ಮಲ್ಲಿ ವಯಲು ಎಂದು ಕರೆಯುವ ಭತ್ತದ ಗದ್ದೆಗಳು ಹಾಗೆ ಇಳಿಸಿದ ಮಣ್ಣಿನವು.

ಪಡುವಣ ಅಂಚಿನ ಕಥೆ ಬೇರೆ. ಮೇಪ್ಪಾಡಿಯ ಆಚೆ ವೆಳ್ಳರಿಮಲೆಯ ಕಡೆಯ ನೀರು ಪುನ್ನಪ್ಪುಳ ಎಂಬ ಹೊಳೆಯಾಗಿ ಮುಂಡಕ್ಕೈ, ಚೂರಲ್‌ಮಲಗಳ ನಡುವೆ ಹರಿದು, ಸೂಚಿಪ್ಪಾರ ಜಲಪಾತದಲ್ಲಿ ಧುಮುಕಿ, ನಿಲಂಬೂರಿನ ಕಾಡಿನಲ್ಲಿ ಚಾಲಿಯಾರ್ ಸೇರುತ್ತದೆ. ಚಾಲಿಯಾರ್ ಬೇಪೂರಿನಲ್ಲಿ ಅರಬ್ಬೀ ಸಮುದ್ರ ಮುಟ್ಟುತ್ತದೆ. ಐದು ಸಾವಿರ ಅಡಿ ಎತ್ತರದಲ್ಲಿ ಹುಟ್ಟಿದ ತೊರೆ ಸ್ವಲ್ಪ ದೂರದಲ್ಲೇ ತಗ್ಗಿನ ಸೀಮೆಗೆ ಬೀಳಬೇಕಾದರೆ ಅದರ ರಭಸ ಎಷ್ಟಿರಬೇಕು! ಒಂದೇ ನಾಡು, ಒಂದೇ ಮಳೆ. ಮೂಡಣಕ್ಕೆ ಹರಿದದ್ದು ಗದ್ದೆ ಕಟ್ಟುತ್ತದೆ, ಪಡುವಣಕ್ಕೆ ಹರಿದದ್ದು ಗುಡ್ಡ ಕಡಿಯುತ್ತದೆ.

ಕಲ್ಲು ಮಣ್ಣಾಗುವ ಬಗೆ

ಹೊಳೆಗೆ ಕಡಿಯಲು ಸುಲಭವಾಗಿ ಸಿಕ್ಕುವುದು ಮಣ್ಣು. ಆ ಮಣ್ಣು ಎಲ್ಲಿಂದ ಬಂತು? ಕಲ್ಲಿನಿಂದಲೇ.

ವಯನಾಡಿನ ಬುಡದಲ್ಲಿರುವುದು 200 ಕೋಟಿ ವರ್ಷಗಳಿಗೂ ಹಳೆಯ ಗಟ್ಟಿ ಬಂಡೆ. ಮಳೆನೀರು ಗಾಳಿಯಿಂದ ಸ್ವಲ್ಪ, ಕೊಳೆತ ಎಲೆಗಳಿಂದ ಸ್ವಲ್ಪ ಹುಳಿಗುಣ ಹೀರಿಕೊಂಡು ಬಂಡೆಯ ಬಿರುಕುಗಳಲ್ಲಿ ಇಳಿಯುತ್ತದೆ. ಬಂಡೆಯಲ್ಲಿರುವ ಕೆಲವು ಅಂಶಗಳು ಕರಗಿ ಹೋಗುತ್ತವೆ, ಕೆಲವು ಜೇಡಿಯಾಗುತ್ತವೆ. ಕಬ್ಬಿಣದ ಅಂಶ ತುಕ್ಕುಹಿಡಿದು ಕೆಂಪಾಗುತ್ತದೆ. ನಮ್ಮ ತೋಟಗಳ ಕೆಂಪು ಮಣ್ಣು ಅದೇ. ಬಿಸಿಲು ಮಳೆ ಎರಡೂ ಹೆಚ್ಚಿರುವ ಕಡೆ ಈ ಕೆಲಸ ಇನ್ನೂ ಮುಂದುವರಿದು ಮುರಕಲ್ಲು ಆಗುತ್ತದೆ. ಕಾಸರಗೋಡಿನವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಅವರ ಬೇಕಲ ಕೋಟೆಯೇ ಮುರಕಲ್ಲಿನದು. 1800ರ ಸುಮಾರಿಗೆ ಮಲಬಾರು ಸುತ್ತಿದ ಫ್ರಾನ್ಸಿಸ್ ಬುಕಾನನ್ ಎಂಬ ಇಂಗ್ಲಿಷ್ ಕಂಪೆನಿಯ ವೈದ್ಯ ಅಂಗಾಡಿಪುರದಲ್ಲಿ ಜನರು ಇದನ್ನು ನೆಲದಿಂದ ಮೆತ್ತಗಿರುವಾಗಲೇ ಕಡಿದು, ಗಾಳಿಗೆ ಗಟ್ಟಿಯಾದ ಮೇಲೆ ಮನೆ ಕಟ್ಟುವುದನ್ನು ಕಂಡು, ಇಟ್ಟಿಗೆ ಎಂಬರ್ಥದ ಲ್ಯಾಟಿನ್ ಪದದಿಂದ ಲ್ಯಾಟರೈಟ್ ಎಂದು ಹೆಸರಿಟ್ಟ. ಇಡೀ ಜಗತ್ತು ಇಂದು ಬಳಸುವ ಹೆಸರು ನಮ್ಮ ನೆರೆಯ ಮಲಪ್ಪುರಂ ಜಿಲ್ಲೆಯ ಊರಿನಲ್ಲಿ ಹುಟ್ಟಿದ್ದು.

ಬಂಡೆ ಎಷ್ಟು ನಿಧಾನ ಎಂಬುದಕ್ಕೆ ಎಡಕ್ಕಲ್ ಸಾಕ್ಷಿ. ಎಡಕಲ್ಲು ಗುಡ್ಡದ ಹೆಸರನ್ನು ಪುಟ್ಟಣ್ಣ ಕಣಗಾಲರ 1973ರ ಚಲನಚಿತ್ರದಿಂದ ನೀವೆಲ್ಲ ಕೇಳಿದ್ದೀರಿ. ಅಂಬುಕುತ್ತಿ ಮಲೆಯ ಮೇಲಿನ ಆ ಜಾಗವನ್ನು ಗುಹೆ ಎನ್ನುತ್ತಾರೆ, ಆದರೆ ಅದು ಗುಹೆಯಲ್ಲ. ದೊಡ್ಡ ಬಂಡೆ ಸೀಳಿ ನಡುವೆ ಸಂದು ಬಿಟ್ಟಿತು. ಮೇಲಿನಿಂದ ಬಿದ್ದ ಇನ್ನೊಂದು ಬಂಡೆ ಆ ಸಂದಿನಲ್ಲಿ ಸಿಕ್ಕಿಕೊಂಡು ಚಾವಣಿಯಾಯಿತು. ಎಡೆಯಲ್ಲಿ ನಿಂತ ಕಲ್ಲು, ಅದಕ್ಕೇ ಎಡಕ್ಕಲ್. ಅದರ ಗೋಡೆಗಳ ಮೇಲೆ ಸಾವಿರಾರು ವರ್ಷ ಹಿಂದಿನ ಜನ ಕೊರೆದ ಗೆರೆಗಳು ಇಂದಿಗೂ ಕಾಣುತ್ತವೆ. ಬತ್ತೇರಿಯ ನಮ್ಮ ಹಳೆಯ ಕಲ್ಲು ಬಸದಿಯೂ ಶತಮಾನಗಳ ಮಳೆಯನ್ನು ತಡೆದುಕೊಂಡು ನಿಂತಿದೆ.

ನಾವು ವ್ಯಾಪಾರಿಗಳು. ನಮಗೆ ಇದು ಜಮಾ ಖರ್ಚಿನ ಲೆಕ್ಕದಂತೆ ತೋರುತ್ತದೆ. ಬಂಡೆ ಕರಗಿ ಮಣ್ಣಾಗುವುದು ಜಮಾ, ನೀರು ಮಣ್ಣನ್ನು ಒಯ್ಯುವುದು ಖರ್ಚು. ಜಮಾ ಬಹಳ ನಿಧಾನ. ಒಂದು ಗೇಣು ಮಣ್ಣಾಗಲು ಎಷ್ಟೋ ತಲೆಮಾರು ಬೇಕು. ಖರ್ಚು ಮಾತ್ರ ಎರಡು ಬಗೆ. ದಿನವೂ ಕೆಂಪು ನೀರಾಗಿ ಹರಿದು ಹೋಗುವುದು ಒಂದು. ಎಷ್ಟೋ ಕಾಲ ಕೂಡಿಟ್ಟದ್ದು ಒಂದೇ ರಾತ್ರಿಯಲ್ಲಿ ಬರಿದಾಗುವುದು ಇನ್ನೊಂದು. ಗುಡ್ಡಕ್ಕೆ ಆಕಾರ ಕೊಟ್ಟಿರುವುದು ಇವೆರಡೂ ಸೇರಿ.

ನಮ್ಮ ಅರವತ್ತು ಸೆಂಟು

ಇನ್ನು ನಮ್ಮ ಜಾಗದ ವಿಚಾರ. 2009ರಲ್ಲಿ ವೈತ್ತಿರಿ ತಾಲೂಕಿನ ಒಂದು ಗುಡ್ಡದ ಬುಡದಲ್ಲಿ ಅರವತ್ತು ಸೆಂಟು ಕೊಂಡಿದ್ದೆವು. ಗುಡ್ಡಗಾಡಿನಲ್ಲಿ ಸಮತಟ್ಟು ಜಾಗ ಸಿಗುವುದೇ ಕಷ್ಟ. ಇಲ್ಲಿ ಅಂಗೈಯಂಥ ಸಮತಟ್ಟು, ಪಕ್ಕದಲ್ಲಿ ಬೇಸಗೆಯಲ್ಲೂ ಬತ್ತದ ಹಳ್ಳ, ಕಪ್ಪು ಮಣ್ಣು. ಅಲ್ಲಲ್ಲಿ ಆನೆ ಮಲಗಿದಂತೆ ನುಣುಪಾದ ದೊಡ್ಡ ಕಲ್ಲುಗಳು. ನೋಡಿದವರೆಲ್ಲ ನಮ್ಮ ಅದೃಷ್ಟವನ್ನು ಹೊಗಳಿದರು.

2017ರಲ್ಲಿ ಮಗ ಅಲ್ಲಿ ಪ್ರವಾಸಿಗರಿಗೆ ನಾಲ್ಕು ಕೋಣೆಯ ಮನೆ ಕಟ್ಟುವ ಮನಸ್ಸು ಮಾಡಿದ. ಪಾಯ ತೋಡಿಸಿದೆವು. ಎಂಟು ಅಡಿ ಆಳದ ಗುಂಡಿಯ ಗೋಡೆಯಲ್ಲಿ ಕಂಡದ್ದು ಹೀಗಿತ್ತು. ಮೇಲೆ ಎರಡು ಅಡಿ ಕಪ್ಪು ಮಣ್ಣು. ಅದರ ಕೆಳಗೆ ತೆಂಗಿನಕಾಯಿ ಗಾತ್ರದಿಂದ ಅಕ್ಕಿಮೂಟೆ ಗಾತ್ರದವರೆಗಿನ ಕಲ್ಲುಗಳು, ಜೇಡಿಮಣ್ಣಿನಲ್ಲಿ ಕಲಸಿದಂತೆ. ಅದರ ಕೆಳಗೆ ಒಂದು ಗೇಣು ನಯವಾದ ಮರಳು. ಮತ್ತೆ ಕಪ್ಪು ಮಣ್ಣು, ಅದರಲ್ಲಿ ಅಡ್ಡ ಮಲಗಿದ ಮರದ ಬೊಡ್ಡೆ, ಒದ್ದೆಯಾಗಿ ಇದ್ದಿಲಿನಂತೆ ಕಪ್ಪಾಗಿತ್ತು. ಅದರಡಿಯಲ್ಲಿ ಮತ್ತೆ ಕಲ್ಲು.

ನಮ್ಮ ತೋಟದಲ್ಲಿ ಮೆಣಸು ಕೊಯ್ಯಲು ಬರುತ್ತಿದ್ದ ಪಣಿಯ ಸಮುದಾಯದ ಹಿರಿಯರೊಬ್ಬರು ಆ ದಿನ ಗುಂಡಿಯ ಬಳಿ ನಿಂತಿದ್ದರು. ಅವರು ಹೇಳಿದ ಮಾತು ಇಷ್ಟೇ: “ಮೊದಲಾಳಿ, ಈ ಕಲ್ಲುಗಳು ಇಲ್ಲಿ ಹುಟ್ಟಿದವಲ್ಲ. ಬಂದವು. ಬಂದ ದಾರಿಯಲ್ಲೇ ಇನ್ನೂ ಬರುತ್ತವೆ.” ಮಗ ನಕ್ಕ. ನಾವೂ ನಕ್ಕೆವು.

ಆ ಮಾತು ಮನಸ್ಸಿನಿಂದ ಹೋಗಲಿಲ್ಲ. ನಮ್ಮ ಅಂಗಡಿಗೆ ಕಾಫಿಪುಡಿಗೆ ಬರುವ, ಕಾಲೇಜಿನಲ್ಲಿ ಭೂವಿಜ್ಞಾನ ಕಲಿಸುವ ಅಧ್ಯಾಪಕರೊಬ್ಬರನ್ನು ಕರೆದುಕೊಂಡು ಹೋಗಿ ತೋರಿಸಿದೆವು. ಅವರು ಗುಂಡಿಗಿಳಿದು ನೋಡಿ, ಆ ಹಿರಿಯರು ಒಂದು ವಾಕ್ಯದಲ್ಲಿ ಹೇಳಿದ್ದನ್ನೇ ಅರ್ಧ ಗಂಟೆ ವಿವರಿಸಿದರು. ಅವರಿಂದ ತಿಳಿದದ್ದು ಹೀಗೆ.

ಕಡಿದಾದ ಗುಡ್ಡದ ನೆತ್ತಿಯ ಕೆಳಗೆ, ತೊರೆ ಹುಟ್ಟುವ ಕಡೆ, ಬೊಗಸೆಯಂಥ ತಗ್ಗುಗಳಿರುತ್ತವೆ. ಸುತ್ತಲಿನ ಇಳಿಜಾರಿನಿಂದ ಮಣ್ಣು, ಕಲ್ಲುಚೂರು ಸ್ವಲ್ಪಸ್ವಲ್ಪವೇ ಜಾರಿ ಬಂದು ನೂರಾರು ವರ್ಷ ಆ ಬೊಗಸೆಯಲ್ಲಿ ತುಂಬುತ್ತವೆ. ಮರ ಬೆಳೆದು ಮುಚ್ಚುತ್ತದೆ. ಒಂದು ಮಳೆಗಾಲದಲ್ಲಿ ಮಿತಿಮೀರಿ ಮಳೆ ಸುರಿದಾಗ ಬೊಗಸೆ ಬರಿದಾಗುತ್ತದೆ. ತುಂಬಿದ್ದೆಲ್ಲ ಹಳ್ಳದ ದಾರಿಯಲ್ಲಿ ಇಳಿದು, ಇಳಿಜಾರು ಮುಗಿಯುವ ಕಡೆ ಬೀಸಣಿಗೆಯಂತೆ ಹರಡಿ ನಿಲ್ಲುತ್ತದೆ. ಅದರ ಮೇಲೆ ಮತ್ತೆ ಹುಲ್ಲು, ಮಣ್ಣು, ಮರ. ನಮ್ಮ ಗುಂಡಿಯಲ್ಲಿ ಕಂಡ ಎರಡು ಕಲ್ಲಿನ ಪದರಗಳೆಂದರೆ ಹಾಗೆ ಎರಡು ಸಲ ಗುಡ್ಡ ಬಂದುಹೋದದ್ದರ ಬರಹ. ನಡುವಿನ ಕಪ್ಪು ಮಣ್ಣು ಅವೆರಡರ ನಡುವೆ ಕಳೆದ ನೆಮ್ಮದಿಯ ಕಾಲ. ಬೊಡ್ಡೆ ಆ ಕಾಲದಲ್ಲಿ ಬೆಳೆದ ಮರದ್ದು.

ಅಂದರೆ ಯಾವ ಸಮತಟ್ಟನ್ನು ನಾವು ಅದೃಷ್ಟ ಎಂದುಕೊಂಡೆವೋ ಅದನ್ನು ಮಾಡಿದ್ದೇ ಕುಸಿತ. ಬತ್ತದ ಹಳ್ಳ, ಕಪ್ಪು ಮಣ್ಣು, ನುಣುಪು ಕಲ್ಲು ಎಲ್ಲವೂ ಅದರ ಕೊಡುಗೆಯೇ. ಗುಡ್ಡಗಾಡಿನಲ್ಲಿ ಜನ ಮನೆ ಕಟ್ಟಲು ಇಷ್ಟಪಡುವ ಜಾಗವೂ ಗುಡ್ಡ ಬಂದು ನಿಲ್ಲುವ ಜಾಗವೂ ಎಷ್ಟೋ ಕಡೆ ಒಂದೇ ಆಗಿರುತ್ತದೆ. ಈ ಲೇಖನದಲ್ಲಿ ನಾವು ಹೇಳಬೇಕಾದ ಮುಖ್ಯ ಮಾತು ಇದು.

ಉರುಳ್ ಪೊಟ್ಟಲ್

ಗುಡ್ಡ ಕುಸಿತ ಎಂದು ಕನ್ನಡದಲ್ಲಿ ಒಟ್ಟಾಗಿ ಹೇಳುವುದನ್ನು ಇಲ್ಲಿನ ಮಲೆಯಾಳದಲ್ಲಿ ಎರಡಾಗಿ ಹೇಳುತ್ತಾರೆ. ರಸ್ತೆಗೋ ಮನೆಗೋ ಗುಡ್ಡವನ್ನು ನೆಟ್ಟಗೆ ಕಡಿದ ಕಡೆ ಮಣ್ಣು ಜರಿದು ಬೀಳುವುದು ಮಣ್ಣಿಡಿಚ್ಚಿಲ್. 2024ರ ಜುಲೈ 16ರಂದು ಅಂಕೋಲೆಯ ಶಿರೂರಿನಲ್ಲಿ ಹೆದ್ದಾರಿಯ ಮೇಲೆ ಗುಡ್ಡ ಬಿದ್ದಾಗ ನಮ್ಮ ಕೋಳಿಕ್ಕೋಡಿನ ಲಾರಿ ಚಾಲಕರೊಬ್ಬರೂ ಪ್ರಾಣ ಕಳೆದುಕೊಂಡರು. ಅಲ್ಲಿ ರಸ್ತೆಗಾಗಿ ಗುಡ್ಡವನ್ನು ಕಡಿದಿದ್ದರು. ಇನ್ನೊಂದು ಉರುಳ್ ಪೊಟ್ಟಲ್. ಗುಡ್ಡದ ಮೇಲ್ಭಾಗ ಒಡೆದು, ಮಣ್ಣು ನೀರು ಬಂಡೆ ಮರ ಎಲ್ಲವೂ ಒಂದಾಗಿ ಹಳ್ಳದಲ್ಲಿ ಹರಿದು ಬರುವುದು. ಮಣ್ಣಿಡಿಚ್ಚಿಲ್ ಬಿದ್ದ ಜಾಗದಲ್ಲೇ ನಿಲ್ಲುತ್ತದೆ. ಉರುಳ್ ಮೈಲಿಗಟ್ಟಲೆ ಹೋಗುತ್ತದೆ.

ಅದು ಒಡೆಯುವುದು ಹೇಗೆ? ಇಳಿಜಾರಿನ ಮಣ್ಣು ಬುಡದ ಬಂಡೆಯ ಮೇಲೆ ಹಾಸಿದ ಕಂಬಳಿಯಂತೆ ಇರುತ್ತದೆ. ಕಣ ಕಣಗಳ ತಿಕ್ಕಾಟ, ಬೇರುಗಳ ಹಿಡಿತ ಅದನ್ನು ಜಾರದಂತೆ ತಡೆದಿರುತ್ತವೆ. ದಿನಗಟ್ಟಲೆ ಮಳೆ ಸುರಿದಾಗ ನೀರು ಮಣ್ಣಿನೊಳಗೆ ಇಳಿದು ಬಂಡೆಯ ಮೇಲೆ ನಿಲ್ಲುತ್ತದೆ. ಕೆಳಗೆ ಹೋಗಲು ದಾರಿಯಿಲ್ಲ. ಆಗ ಮಣ್ಣಿನ ಭಾರ ಹೆಚ್ಚುತ್ತದೆ. ಅದಕ್ಕಿಂತ ಮುಖ್ಯವಾಗಿ, ಸಂದುಗಳಲ್ಲಿ ತುಂಬಿದ ನೀರು ಒತ್ತಿ ಕಣಗಳನ್ನು ಒಂದಕ್ಕೊಂದು ತಾಗದಂತೆ ಎತ್ತುತ್ತದೆ. ಹಿಡಿತ ತಪ್ಪುತ್ತದೆ. ಒಮ್ಮೆ ಜಾರಿದ ಮೇಲೆ ಅದು ಮಣ್ಣಲ್ಲ, ಗಾರೆಯಂಥ ದ್ರವ. ಗಾರೆಯಲ್ಲಿ ಜಲ್ಲಿ ತೇಲುವಂತೆ ಮನೆಯಷ್ಟು ದೊಡ್ಡ ಬಂಡೆಗಳೂ ಅದರಲ್ಲಿ ತೇಲಿ ಬರುತ್ತವೆ. ಹಳ್ಳದ ಎರಡೂ ದಡವನ್ನು ಕೊರೆದುಕೊಂಡು ಬರುವುದರಿಂದ ಮುಂದೆ ಹೋದಷ್ಟೂ ಅದು ದೊಡ್ಡದಾಗುತ್ತದೆ.

2024ರ ಜುಲೈ ಕೊನೆಯಲ್ಲಿ ಮುಂಡಕ್ಕೈ ಬಳಿಯ ಕಳ್ಳಾಡಿಯಲ್ಲಿ 48 ಗಂಟೆಯಲ್ಲಿ 572 ಮಿಲಿಮೀಟರ್ ಮಳೆಯಾಯಿತು. ಜತ್ ಸೀಮೆಯ ಬಂಧುಗಳು ಹೆಚ್ಚುಕಡಿಮೆ ಇಡೀ ವರ್ಷದಲ್ಲಿ ಕಾಣುವ ಮಳೆ ಎರಡು ದಿನದಲ್ಲಿ ಬಂದಂತಾಯಿತು. ನಾವು ಲೆಕ್ಕ ಹಾಕಿ ನೋಡಿದೆವು. ಇಷ್ಟು ಮಳೆ ಎಂದರೆ ಒಂದು ಎಕರೆಯ ಮೇಲೆ ಸುಮಾರು 23 ಲಕ್ಷ ಲೀಟರ್, ಹನ್ನೆರಡು ಸಾವಿರ ಲೀಟರಿನ ಟ್ಯಾಂಕರ್ ಲಾರಿಗಳಲ್ಲಿ 190ಕ್ಕೂ ಹೆಚ್ಚು. ಒಂದೊಂದು ಎಕರೆಗೂ ಅಷ್ಟು.

ಉಪಗ್ರಹದ ಚಿತ್ರಗಳಿಂದ ಇಸ್ರೋದವರು ತಿಳಿಸಿದ ಪ್ರಕಾರ ಕುಸಿತದ ತಲೆ ಸಮುದ್ರಮಟ್ಟದಿಂದ 1,550 ಮೀಟರ್ ಎತ್ತರದಲ್ಲಿತ್ತು. ಜಾರಿದ ಜಾಗ 86,000 ಚದರ ಮೀಟರ್, ಎಂದರೆ 21 ಎಕರೆ. ಅಲ್ಲಿಂದ ಅದು ಸುಮಾರು 8 ಕಿಲೋಮೀಟರ್ ಹರಿಯಿತು. ಅದೇ ಜಾಗದಲ್ಲಿ ಹಿಂದೊಮ್ಮೆ ಕುಸಿದ ಗುರುತೂ ಇತ್ತು. 1984ರಲ್ಲಿ ಮುಂಡಕ್ಕೈಯಲ್ಲಿ ಗುಡ್ಡ ಇಳಿದು ಜೀವಹಾನಿಯಾಗಿತ್ತು. 2019ರ ಆಗಸ್ಟ್ 8ರಂದು ಹತ್ತಿರದ ಪುತ್ತುಮಲದಲ್ಲಿ 17 ಮಂದಿ ಸತ್ತು, 5 ಮಂದಿ ಸಿಗಲೇ ಇಲ್ಲ. 2024ರಲ್ಲಿ ಸಿಗದೆ ಹೋದವರನ್ನೂ ಸೇರಿಸಿದರೆ ಸಾವು 300ರ ಸಮೀಪ. ಹಲವರ ದೇಹ ಚಾಲಿಯಾರಿನಲ್ಲಿ ತೇಲಿ ನಿಲಂಬೂರಿನ ಪೋತ್ತುಕಲ್ಲಿನಲ್ಲಿ ಸಿಕ್ಕವು. ಸೇತುವೆ ಕೊಚ್ಚಿಹೋಗಿದ್ದ ಚೂರಲ್‌ಮಲದಲ್ಲಿ ಬೆಂಗಳೂರಿನ ಮದ್ರಾಸ್ ಎಂಜಿನಿಯರ್ ಗ್ರೂಪಿನ ಯೋಧರು ಹಗಲು ರಾತ್ರಿ ದುಡಿದು ಆಗಸ್ಟ್ 1ರಂದು 190 ಅಡಿ ಉದ್ದದ ಉಕ್ಕಿನ ಸೇತುವೆ ಮುಗಿಸಿದ್ದನ್ನು ನಾವು ಮರೆಯಲಾರೆವು.

ತಪ್ಪು ಯಾರದು ಎಂಬ ವಾದ ಬಹಳ ನಡೆಯಿತು. ಕುಸಿತ ಹುಟ್ಟಿದ್ದು ಮೇಲಿನ ಕಾಡಿನಲ್ಲಿ, ತೋಟದಲ್ಲಿ ಅಲ್ಲ. ಹಾಗಾಗಿ ಎಲ್ಲವನ್ನೂ ಮನುಷ್ಯನ ತಲೆಗೆ ಕಟ್ಟಲಾಗುವುದಿಲ್ಲ. ಆದರೆ ಗಾಳಿ ಬಿಸಿಯಾದಷ್ಟೂ ಅದು ಹೆಚ್ಚು ನೀರು ಹೊರುತ್ತದೆ. ಬಿಸಿಯೇರಿದ ಹವೆಯಿಂದಾಗಿ ಆ ದಿನದ ಮಳೆ ಸುಮಾರು ಶೇಕಡಾ 10ರಷ್ಟು ಹೆಚ್ಚಾಗಿತ್ತೆಂದು ಹಲವು ದೇಶಗಳ ವಿಜ್ಞಾನಿಗಳ ಒಂದು ತಂಡ ಅದೇ ಆಗಸ್ಟಿನಲ್ಲಿ ಲೆಕ್ಕಹಾಕಿ ಹೇಳಿತು. ಇನ್ನು ಹಳ್ಳದ ದಾರಿಯಲ್ಲಿ ಮನೆ, ಅಂಗಡಿ, ರೆಸಾರ್ಟು ಕಟ್ಟಿದವರು ಮನುಷ್ಯರೇ. ಗುಡ್ಡ ಇಳಿಯುವುದು ಪ್ರಕೃತಿಯ ಕೆಲಸ. ಅದರ ದಾರಿಯಲ್ಲಿ ಯಾರು ಮಲಗಿರುತ್ತಾರೆ ಎಂಬುದು ನಮ್ಮ ಕೈಯಲ್ಲಿರುವ ಕೆಲಸ.

ಮುಚ್ಚಿಟ್ಟ ಮಾತು

ಈಗ ನಮ್ಮ ತಪ್ಪು. 2018ರ ಆಗಸ್ಟಿನ ಮಹಾಮಳೆಯಲ್ಲಿ ನಮ್ಮ ಜಾಗದ ಹಳ್ಳ ಉಕ್ಕಿ, ಅರ್ಧ ಕಟ್ಟಿದ್ದ ಪಾಯದ ಮೇಲೆ ಕಲ್ಲು ಮರಳು ತಂದು ಹಾಕಿತು. ದೊಡ್ಡ ಅನಾಹುತವಾಗಲಿಲ್ಲ. ಹೆದರಿಕೆಯಾಗಿ ಕೆಲಸ ನಿಲ್ಲಿಸಿದೆವು. ಕಲ್ಲು ಮರಳು ತೆಗೆಸಿ ಬಾಳೆ ನೆಟ್ಟೆವು. 2020ರಲ್ಲಿ ಕೊಲ್ಲಿಯ ದುಡಿಮೆ ಮುಗಿಸಿ ಬಂದ ಕೋಳಿಕ್ಕೋಡಿನ ಗೃಹಸ್ಥರೊಬ್ಬರು ಜಾಗ ಕೇಳಿದರು. ಒಳ್ಳೆಯ ಬೆಲೆಗೆ ಕೊಟ್ಟೆವು. ಕ್ರಯಪತ್ರ ಸರಿಯಾಗಿತ್ತು, ಅಳತೆ ಸರಿಯಾಗಿತ್ತು. ಗುಂಡಿಯಲ್ಲಿ ಕಂಡದ್ದನ್ನು, 2018ರಲ್ಲಿ ಆದದ್ದನ್ನು ನಾವು ಹೇಳಲಿಲ್ಲ. ಅವರು ಕೇಳಲಿಲ್ಲ ಎಂದು ಮನಸ್ಸಿಗೆ ಸಮಾಧಾನ ಹೇಳಿಕೊಂಡೆವು.

ನಮ್ಮ ತಂದೆಯವರು ಗಲ್ಲಾಪೆಟ್ಟಿಗೆಯ ಮೇಲೆ ನಮ್ಮನ್ನು ಮೊದಲು ಕೂರಿಸಿದ ದಿನ ಹೇಳಿದ ಮಾತು ಒಂದೇ: ಒದ್ದೆ ಮೆಣಸನ್ನು ಒಣಮೆಣಸೆಂದು ತೂಗಬೇಡ. ನಲವತ್ತು ವರ್ಷದಲ್ಲಿ ಆ ಮಾತು ಮೀರಿಲ್ಲ ಎಂಬ ಹೆಮ್ಮೆ ನಮಗಿತ್ತು. ಮೆಣಸಿನಲ್ಲಿ ಮೀರಿರಲಿಲ್ಲ, ನಿಜ. ಮೀರಿದ್ದು ಮಣ್ಣಿನಲ್ಲಿ.

ಜುಲೈ 30ರ ಬೆಳಗ್ಗೆ ಟಿವಿಯಲ್ಲಿ ಮುಂಡಕ್ಕೈ ನೋಡುತ್ತ ಕೂತಿದ್ದಾಗ ಮನೆಯವರು ಕೇಳಿದರು: “ನಾವು ಮಾರಿದ ಜಾಗದಲ್ಲಿ ಅವರು ಮನೆ ಕಟ್ಟಿದ್ದಾರಾ?” ಕಟ್ಟಿದ್ದರೋ ಇಲ್ಲವೋ ನಮಗೆ ಗೊತ್ತಿರಲಿಲ್ಲ. ಮಾರಿದ ಮೇಲೆ ಆ ಕಡೆ ತಲೆಹಾಕಿರಲೇ ಇಲ್ಲ. ಅಂದು ಹೊತ್ತು ಮುಳುಗುವವರೆಗೆ ನೀರೂ ಇಳಿಯಲಿಲ್ಲ.

ಮಳೆ ಬಿಟ್ಟ ವಾರ ಮಗನನ್ನು ಕರೆದುಕೊಂಡು ಹೋದೆವು. ಹಳ್ಳದ ಬದಿಯಲ್ಲಿ ಸಣ್ಣದೊಂದು ಮನೆಗೆ ಗೋಡೆ ಎದ್ದಿತ್ತು, ಚಾವಣಿ ಬಿದ್ದಿರಲಿಲ್ಲ. ಮೂರು ತಿಂಗಳಲ್ಲಿ ಗೃಹಪ್ರವೇಶ, ಮಗಳು ಅಳಿಯ ಮಕ್ಕಳೊಂದಿಗೆ ಇಲ್ಲಿಗೇ ಬರುತ್ತಾರೆ ಎಂದು ಆ ಯಜಮಾನರು ಸಂತೋಷದಿಂದ ಹೇಳಿದರು. ನಾವು ಎಲ್ಲವನ್ನೂ ಹೇಳಿಬಿಟ್ಟೆವು. ಗುಂಡಿಯ ಪದರ, ಅಧ್ಯಾಪಕರ ಮಾತು, 2018ರ ಕಲ್ಲು. ಅವರು ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ, “ನಾಲ್ಕು ವರ್ಷ ಇದನ್ನು ಹೊಟ್ಟೆಯಲ್ಲಿಟ್ಟುಕೊಂಡು ನೀವು ಊಟ ಮಾಡಿದಿರಲ್ಲ” ಎಂದರು. ಅದಕ್ಕೆ ನಮ್ಮಲ್ಲಿ ಉತ್ತರವಿರಲಿಲ್ಲ.

ಅವರು ಕೊಟ್ಟ ಬೆಲೆಗೇ ಜಾಗ ಹಿಂದಕ್ಕೆ ತೆಗೆದುಕೊಂಡು, ಗೋಡೆಯ ಖರ್ಚಿನಲ್ಲಿ ಅರ್ಧ ಕೊಡುವುದಾಗಿ ಹೇಳಿದೆವು. ದಾರಿಯಲ್ಲಿ ಮಗ, “ಅಪ್ಪ, ಕಾನೂನಿನಲ್ಲಿ ನಮ್ಮ ಮೇಲೆ ಏನೂ ಬರುವುದಿಲ್ಲ. ಯಾಕೆ ಮೈಮೇಲೆ ಎಳೆದುಕೊಳ್ಳುತ್ತೀರಿ?” ಎಂದ. ಅವನದು ತಪ್ಪು ಮಾತೆಂದು ಹೇಳಲಾರೆವು. ಎರಡು ವರ್ಷದ ಮೆಣಸಿನ ಲಾಭ ಅದಕ್ಕೆ ಹೋಯಿತು. ಕೆಲವು ತಿಂಗಳು ಅವನು ಸರಿಯಾಗಿ ಮಾತಾಡಲಿಲ್ಲ. ಈಗ ಆ ಗೋಡೆಗಳನ್ನು ಅವನೇ ನಿಂತು ಕೆಡವಿಸಿದ್ದಾನೆ. ಜಾಗದಲ್ಲಿ ಬಾಳೆ, ಹುಲ್ಲು ಬೆಳೆಯುತ್ತಿದೆ. ಹಗಲು ಕೆಲಸ ಮಾಡಿ ಸಂಜೆ ಬಂದುಬಿಡುತ್ತೇವೆ. ಮಳೆಗಾಲದಲ್ಲಿ ಯಾರೂ ಹೋಗುವುದಿಲ್ಲ.

ನಿಮ್ಮ ನಿಮ್ಮ ನೆಲದಲ್ಲಿ

ಇದು ವಯನಾಡಿನವರ ಪಾಡು ಮಾತ್ರ ಎಂದುಕೊಳ್ಳಬೇಡಿ. ನೀಲಗಿರಿಯಲ್ಲಿ 2009ರ ನವೆಂಬರಿನ ಮಳೆಗೆ ನೂರಾರು ಕಡೆ ಗುಡ್ಡ ಜರಿದು ನಲವತ್ತಕ್ಕೂ ಹೆಚ್ಚು ಮಂದಿ ಸತ್ತರು. ಕೊಡಗಿನ ನೆಂಟರು 2018ರಲ್ಲಿ ಕಂಡದ್ದು ಇದನ್ನೇ. ಸೊಲ್ಲಾಪುರ, ಅಕ್ಕಲಕೋಟೆಯ ಬಂಧುಗಳ ಎರೆಮಣ್ಣು ಸುಮಾರು ಆರೂವರೆ ಕೋಟಿ ವರ್ಷಗಳ ಹಿಂದೆ ಹರಿದ ಲಾವಾರಸದ ಕಪ್ಪುಕಲ್ಲು ಕರಗಿ ಆದದ್ದು. ಅಲ್ಲಿ ಗುಡ್ಡ ಇಳಿಯುವ ಭಯವಿಲ್ಲ. ಆದರೆ ಆ ಮಣ್ಣು ಮಳೆಗೆ ಉಬ್ಬಿ ಬೇಸಗೆಗೆ ಬಿರಿದು ಗೋಡೆ ಸೀಳುತ್ತದೆ. ನೆಲ ಎಲ್ಲಿಯೂ ಸುಮ್ಮನೆ ಬಿದ್ದುಕೊಂಡಿಲ್ಲ. ಅದರ ನಡತೆ ತಿಳಿದು ಮನೆ ಕಟ್ಟಬೇಕು.

ಗುಡ್ಡದ ಸೀಮೆಯಲ್ಲಿ ಜಾಗ ಕೊಳ್ಳುವ ಬಂಧುಗಳು ಈ ಕೆಲವನ್ನು ನೋಡಬೇಕೆಂದು ನಮ್ಮ ವಿನಂತಿ.

1. ಗುಡ್ಡದ ಬುಡದಲ್ಲಿ, ಹಳ್ಳದ ಬಾಯಿಯಲ್ಲಿ ಬೀಸಣಿಗೆಯಂತೆ ಹರಡಿದ ಸಮತಟ್ಟು ಇದ್ದರೆ ಅದು ಹೇಗಾಯಿತೆಂದು ಕೇಳಿ. ದೊಡ್ಡ ಕಲ್ಲುಗಳು ಮಣ್ಣಿನಲ್ಲಿ ಹೂತಿದ್ದರೆ ಅವು ಅಲ್ಲಿಯವೋ ಬಂದವೋ ನೋಡಿ.

2. ಒಂದು ಗುಂಡಿ ತೋಡಿಸಿ ಅದರ ಗೋಡೆ ನೋಡಿ. ಮಣ್ಣು, ಕಲ್ಲು, ಮತ್ತೆ ಮಣ್ಣು, ಮತ್ತೆ ಕಲ್ಲು ಎಂದಿದ್ದರೆ ಅಲ್ಲಿ ಮಲಗುವ ಮನೆ ಬೇಡ.

3. ದಲ್ಲಾಳಿಯನ್ನಲ್ಲ, ಊರಿನ ಅತಿ ಹಿರಿಯರನ್ನು ಕೇಳಿ. ಹಳ್ಳ ಹಿಂದೆ ಎಲ್ಲಿ ಹರಿಯುತ್ತಿತ್ತು ಎಂದು ಅವರಿಗೆ ಗೊತ್ತಿರುತ್ತದೆ. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಸಂಸ್ಥೆಯವರು ಗುಡ್ಡ ಕುಸಿಯಬಹುದಾದ ಪ್ರದೇಶಗಳ ನಕ್ಷೆ ಮಾಡಿದ್ದಾರೆ, ಅದನ್ನೂ ನೋಡಿ.

4. ಕಡಿದಾದ ಇಳಿಜಾರಿನಲ್ಲಿ ನೀರು ಇಂಗಿಸುವ ಗುಂಡಿ ತೋಡಬೇಡಿ. ಬಯಲಿನಲ್ಲಿ ಅದು ಪುಣ್ಯದ ಕೆಲಸ, ಇಲ್ಲಿ ಅಪಾಯ. ನೀರು ನಿಲ್ಲದೆ ಹರಿದು ಹೋಗಲು ಕಾಲುವೆ ಇರಲಿ. ಗುಡ್ಡವನ್ನು ನೆಟ್ಟಗೆ ಕಡಿಯಬೇಡಿ.

5. ಮಳೆಗಾಲದಲ್ಲಿ ನೆಲ ಬಿರಿದರೆ, ಬಾಗಿಲು ಇದ್ದಕ್ಕಿದ್ದಂತೆ ಬಿಗಿಯಾದರೆ, ಮರ ವಾಲಿದರೆ, ಹೊಸ ಒರತೆ ಎದ್ದರೆ, ಹಳ್ಳದ ನೀರು ದಿಢೀರನೆ ಕೆಸರಾದರೆ ಕಾಯಬೇಡಿ. ಜೋರು ಮಳೆಯಲ್ಲಿ ಹಳ್ಳ ದಿಢೀರನೆ ಸಣ್ಣದಾದರೆ ಇನ್ನೂ ಕೆಟ್ಟದ್ದು, ಮೇಲೆ ಎಲ್ಲೋ ಕಟ್ಟಿಕೊಂಡಿದೆ ಎಂದರ್ಥ. ಹಳ್ಳದ ಉದ್ದಕ್ಕೆ ಓಡದೆ, ಅದರಿಂದ ಪಕ್ಕಕ್ಕೆ, ಎತ್ತರಕ್ಕೆ ಹೋಗಿ.

6. ಮಾರುವಾಗ ತಿಳಿದದ್ದನ್ನು ಹೇಳಿ. ಕೇಳದಿದ್ದರೂ ಹೇಳಿ.

ಕಲ್ಪೆಟ್ಟದ ಎಲ್‌ಸ್ಟನ್ ತೋಟದ ಜಾಗದಲ್ಲಿ ಮುಂಡಕ್ಕೈ, ಚೂರಲ್‌ಮಲದವರಿಗಾಗಿ ಹೊಸ ಊರು ಕಟ್ಟಲು 2025ರ ಮಾರ್ಚಿನಲ್ಲಿ ಶಂಕುಸ್ಥಾಪನೆಯಾಯಿತು. ಅವರು ಬಿಟ್ಟು ಬಂದ ಕಣಿವೆಯಲ್ಲಿ ಈಗ ಕಲ್ಲುಗಳು ಹರಡಿ ಬಿದ್ದಿವೆ. ಒಂದು ದಿನ ಅವುಗಳ ಮೇಲೂ ಮಣ್ಣು ಕೂಡುತ್ತದೆ, ಹುಲ್ಲು ಬರುತ್ತದೆ, ಕಪ್ಪು ನೆಲವಾಗುತ್ತದೆ. ನೂರಿನ್ನೂರು ವರ್ಷದ ಮೇಲೆ ಯಾರೋ ಬಂದು, ಎಷ್ಟು ಒಳ್ಳೆಯ ಸಮತಟ್ಟು ಜಾಗ, ಪಕ್ಕದಲ್ಲೇ ಹಳ್ಳ ಎಂದು ಸಂತೋಷಪಡುತ್ತಾರೆ. ಆಗ ಅವರಿಗೆ ಹೇಳುವವರು ಒಬ್ಬರಾದರೂ ಇರಬೇಕು.

ನಮ್ಮ ಗುಂಡಿಯ ಬಳಿ ಆ ಮಾತು ಹೇಳಿದ ಹಿರಿಯರು 2021ರಲ್ಲಿ ತೀರಿಕೊಂಡರು. ಅವರ ಮಾತು ನಿಜವೆಂದು ಅವರ ಎದುರಿಗೆ ಒಪ್ಪಿಕೊಳ್ಳುವ ಅವಕಾಶ ನಮಗೆ ಸಿಗಲಿಲ್ಲ. ಅದಕ್ಕೇ ಇಲ್ಲಿ ಬರೆದಿದ್ದೇವೆ.